ಗೀಟು ಹಾಕಿದ ಮುಚ್ಚಳ

ಹಿತ್ತಲಿನ ಸುರುಳಿ ಸುಗಂಧಿ ಆ ವರ್ಷದ ಮೊದಲ ಹೂ ಬಿಟ್ಟ ಸಂಗತಿ ಬೀದಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಹೋದದ್ದು ಅದನ್ನು ನೆಟ್ಟು ನೀರೆರೆದವಳೊಬ್ಬಳಿಗೆ.

ಸಂಜೆ ಐದೂವರೆಯ ಹೊತ್ತು. ಬೇರಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಣಗಿದ ತೊಗಟೆಯಿಂದ ಕಸಕಡ್ಡಿ ಆರಿಸುತ್ತಿದ್ದಳು. ಎದುರಂಗಡಿಯ ಟೈಲರ್ ಮಾಸ್ಟರ್ ಹೊಲಿಗೆ ಯಂತ್ರದ ಗಾಲಿಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿ, ಕತ್ತು ಹೊರಗೆ ಚಾಚಿ, "ಏನ್ ಬೇರಮ್ಮ, ಹೇಳ್ಲೇ ಇಲ್ವಲ್ಲ! ಹೂ ಅರಳ್ಬಿಟ್ಟಿದೆ. ಬೀದಿ ತುಂಬಾ ಘಮ್ ಅಂತಿದೆ," ಎಂದ.

"ನಾನ್ಯಾಕೆ ಹೇಳ್ಬೇಕು ಮಾಸ್ಟರೇ, ನಿಮಗೇನು ಮೂಗಿಲ್ವಾ?" ಎಂದು ಅವಳು ಎಂದಿನ ಗತ್ತಿನಲ್ಲೇ ಉತ್ತರ ಕೊಟ್ಟಳು. ಮಾಸ್ಟರ್ ನಕ್ಕ, ಅವಳೂ ನಕ್ಕಳು. ನಗುತ್ತಲೇ ಒಂದು ಸಲ ದೀರ್ಘವಾಗಿ ಉಸಿರೆಳೆದು ನೋಡಿದಳು. ಏನೂ ಬರಲಿಲ್ಲ.

ತೊಗಟೆಯ ಮೊರವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಗೋಡೆಯ ಪಕ್ಕ, ನಲ್ಲಿಯ ನೀರು ಹರಿದು ಸದಾ ಒದ್ದೆಯಾಗಿರುವ ಜಾಗದಲ್ಲಿ, ಆಳೆತ್ತರದ ಗಿಡಗಳು ಗುಂಪಾಗಿ ನಿಂತಿದ್ದವು. ಶುಂಠಿಯ ಒಡಹುಟ್ಟು ಎಂದು ಎಲೆ ನೋಡಿದರೇ ಹೇಳಬಹುದು; ಆದರೆ ಹೂವಿನ ವಿಷಯದಲ್ಲಿ ಶುಂಠಿ ಇದರ ಕಾಲ ಬುಡದಲ್ಲೂ ಕೂರುವಂತಿಲ್ಲ. ತುದಿಯ ಹಸಿರು ಗೊಂಚಲಿನಿಂದ ಮೂರು ಬಿಳಿ ಹೂ ಚಿಟ್ಟೆಗಳ ಹಾಗೆ ರೆಕ್ಕೆ ಬಿಚ್ಚಿ ನಿಂತಿದ್ದವು. ಬೇರಮ್ಮ ಒಂದು ಹೂವಿನೊಳಕ್ಕೆ ಮೂಗು ತೂರಿಸಿದಳು. ಮೂಗಿನ ತುದಿಗೆ ತಂಪು ತಗುಲಿತು, ಹಳದಿ ಪುಡಿ ಅಂಟಿತು. ವಾಸನೆ ಬರಲಿಲ್ಲ.

ಹದಿನೈದು ದಿನದ ಹಿಂದೆ ಬಂದು ಹೋದ ಜ್ವರದ ಶೀತ ಇನ್ನೂ ಇಳಿದಿಲ್ಲ ಎಂದುಕೊಂಡಳು. ಒಳಗೆ ಬಂದು ಕರ್ಪೂರ ಮೂಸಿದಳು. ಲವಂಗ ಜಜ್ಜಿ ಮೂಸಿದಳು. ಕೊನೆಗೆ ಸೀಮೆಎಣ್ಣೆಯ ಡಬ್ಬಿಯ ಬಾಯಿಗೇ ಮೂಗಿಟ್ಟಳು. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಬರಬೇಕಾದದ್ದು ಮಾತ್ರ ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೆಟ್ಟಿಲ ಮೇಲೆ ಬಂದು ಕೂತು, ಏನೂ ಆಗಿಲ್ಲವೆಂಬಂತೆ ತೊಗಟೆ ಆರಿಸತೊಡಗಿದಳು.

ಬೇರೆಯವರ ಮೂಗು ಹೋದರೆ ಹೋಯಿತು, ಅಡುಗೆ ಸಪ್ಪೆ ಎನಿಸುತ್ತದೆ, ಅಷ್ಟೆ. ಬೇರಮ್ಮನ ವಿಷಯ ಹಾಗಲ್ಲ. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಹಾಕಿದ ಹಲಗೆಗಳ ಮೇಲೆ, ನಲವತ್ತು ತಗಡಿನ ಡಬ್ಬಿಗಳಿದ್ದವು. ಎಲ್ಲವೂ ಒಂದೇ ಅಳತೆಯವು, ಒಂದೇ ಬಣ್ಣದವು. ಒಂದರ ಮೇಲೂ ಹೆಸರಿರಲಿಲ್ಲ. ಅದು ಅವಳ ಮಾವ ಮಾಡಿಟ್ಟ ಕಟ್ಟಳೆ. ಹಿಂದೆ ಯಾವಾಗಲೋ ಹಳೆಯ ಚೀಟಿ ಕೀಳದೆ ಹೊಸ ಬೇರು ತುಂಬಿ ಏನೋ ಎಡವಟ್ಟಾಗಿತ್ತಂತೆ. ಅಂದಿನಿಂದ ಮುದುಕ ಚೀಟಿಗಳನ್ನೆಲ್ಲ ಕಿತ್ತೆಸೆದಿದ್ದ. ಚೀಟಿ ಇದ್ದರೆ ಜನ ಚೀಟಿಯನ್ನು ನಂಬುತ್ತಾರೆ, ಡಬ್ಬಿಯೊಳಗಿರುವುದನ್ನು ಯಾರೂ ಮೂಸುವುದಿಲ್ಲ ಎಂಬುದು ಅವನ ವಾದ. ಆ ಮನೆಯಲ್ಲಿ ಡಬ್ಬಿಗೊಂದು ಜಾಗವೆಂಬುದೂ ಇರಲಿಲ್ಲ. ಇವತ್ತು ಮೇಲಿನ ಹಲಗೆಯಲ್ಲಿದ್ದದ್ದು ನಾಳೆ ಕಿಟಕಿಯ ಬಳಿ, ನಾಡಿದ್ದು ಅರೆಯುವ ಕಲ್ಲಿನ ಪಕ್ಕ. ಮುಚ್ಚಳ ತೆಗೆದು ಮೂಸಿದರೆ ಮುಗಿಯಿತು. ಜಾಗ ನೋಡಿ ಗುರುತು ಹಿಡಿಯುವವರನ್ನು ಕಂಡರೆ ಮಾವ ಹಾಸ್ಯ ಮಾಡುತ್ತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು. ಯಾವ ಮದ್ದೇ ಆಗಲಿ, ಕುದಿಯುವ ನೀರಿಗೆ ಬೀಳುವ ಮೊದಲು ಎರಡು ಮೂಗು ದಾಟಬೇಕು. ಮೊದಲನೆಯದು ಬೇರಮ್ಮನದು. ಎರಡನೆಯದು ಅವಳ ಸೊಸೆಯದು.

ಸೊಸೆ ಮೊದಲು ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪು ಮಾಡುತ್ತಿದ್ದವಳು. ಮದುವೆಯಾಗಿ ಬಂದ ಎರಡೇ ವರ್ಷದಲ್ಲಿ ನಲವತ್ತು ಡಬ್ಬಿಯನ್ನೂ ಕಣ್ಣು ಮುಚ್ಚಿ ಹೇಳುವಷ್ಟು ಕಲಿತಳು. ಅತ್ತೆಗೆ ಒಳಗೊಳಗೇ ಹೆಮ್ಮೆ, ಬಾಯಲ್ಲಿ ಮಾತ್ರ, "ಪರವಾಗಿಲ್ಲ, ಕಲೀತೀಯ," ಎನ್ನುವಳು. ಒಂದು ದಿನ ಸೊಸೆ ನಲವತ್ತು ಹೆಸರುಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿ, ಕತ್ತರಿಸಿ, ಲಕೋಟೆಯಲ್ಲಿ ಹಾಕಿ ತಂದುಕೊಟ್ಟಳು. "ಅಂಟಿಸೋಣ್ವಾ ಅತ್ತೆ? ನಾಳೆ ನಮಗಿಬ್ಬರಿಗೂ ನೆಗಡಿ ಬಂದ್ರೆ?" ಎಂದು ಕೇಳಿದಳು. "ನಲವತ್ತು ವರ್ಷದಿಂದ ಬಾರದ ನೆಗಡಿ ಈಗ ಬರುತ್ತಾ?" ಎಂದು ಬೇರಮ್ಮ ಲಕೋಟೆಯನ್ನು ಮೇಜಿನ ಡ್ರಾಯರಿಗೆ ತಳ್ಳಿದಳು. ಅದು ಇನ್ನೂ ಅಲ್ಲೇ ಇತ್ತು.

ಮದುವೆಯಾಗಿ ಏಳು ವರ್ಷದ ಮೇಲೆ ಸೊಸೆಗೆ ಈಗ ಮೂರು ತಿಂಗಳು. ಬೇರಮ್ಮನ ಕಾಲು ನೆಲದ ಮೇಲಿರಲಿಲ್ಲ. ಕಾಣದ ವೈದ್ಯರಿಲ್ಲ, ಮಾಡದ ಮದ್ದಿಲ್ಲ ಎಂಬಂತಾಗಿ, ಅತ್ತೆ ಸೊಸೆ ಇಬ್ಬರೂ ಆಸೆಯ ಮಾತು ಆಡುವುದನ್ನೇ ಬಿಟ್ಟಿದ್ದ ಹೊತ್ತಿನಲ್ಲಿ ನಿಂತ ಬಸಿರು ಅದು. ಆದರೆ ಸೊಸೆಗೆ ವಾಸನೆ ಎಂದರೆ ಆಗುತ್ತಿರಲಿಲ್ಲ. ಸೋಪಿನ ವಾಸನೆಗೆ ವಾಂತಿ, ಬಿಸಿ ಎಣ್ಣೆಗೆ ವಾಂತಿ. ಅವಳ ಗಂಡ ಮೋಟಾರಿಗೆ ತಂತಿ ಸುತ್ತುವ ಕೆಲಸದವನು. ವಾರ್ನಿಷ್ ಮೆತ್ತಿದ ಅವನ ಅಂಗಿಗೆ ಮನೆಯೊಳಗೆ ಪ್ರವೇಶವೇ ಇರಲಿಲ್ಲ, ಹಿತ್ತಲಿನ ತಂತಿಯ ಮೇಲೆ ಬಿಚ್ಚಿಟ್ಟು ಬರಬೇಕಿತ್ತು. "ಹೊಟ್ಟೇಲಿರೋದು ಹೊರಗೆ ಬರೋವರೆಗೂ ನೀನು ಏನೂ ಮೂಸ್ಬೇಡ. ನಾನೊಬ್ಬಳೇ ಸಾಕು," ಎಂದು ಬೇರಮ್ಮ ತಾನಾಗಿಯೇ ಎರಡನೆಯ ಮೂಗಿಗೆ ರಜೆ ಕೊಟ್ಟಳು. ಅದಾದ ಮೇಲೆ ಬಂದದ್ದು ಜ್ವರ.

ಹೇಳಿಬಿಡಬಹುದಿತ್ತು. ಹೇಳಬೇಕೆಂದು ಅವಳು ದಿನಾ ಬೆಳಿಗ್ಗೆ ಎದ್ದಾಗ ಅಂದುಕೊಳ್ಳುತ್ತಿದ್ದಳು. ಆದರೆ ಇವತ್ತಲ್ಲ ನಾಳೆ ಮೂಗು ಮರಳಿ ಬರುತ್ತದೆ ಎಂಬ ಆಸೆ ಒಂದು ಕಡೆ. ಬೇರಮ್ಮನ ಮೂಗು ಹೋಯಿತಂತೆ ಎಂದು ಬೀದಿ ಆಡಿಕೊಳ್ಳುತ್ತದೆ ಎಂಬ ಅಳುಕು ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಲಕೋಟೆ. ಅದನ್ನು ಡ್ರಾಯರಿನಿಂದ ತೆಗೆದು ಸೊಸೆಯ ಕೈಗೆ ಕೊಡುವ ದಿನವನ್ನು ನೆನೆದರೇ ಅವಳಿಗೆ ಮುಖಕ್ಕೆ ಬಿಸಿ ಹತ್ತುತ್ತಿತ್ತು. ಅರವತ್ತು ದಾಟಿದ ಮೇಲೂ ಸೊಸೆಯೆದುರು ಸೋಲುವುದೆಂದರೆ ಸುಲಭವಲ್ಲ.

ಹಾಗಾಗಿ ಅವಳು ಲೆಕ್ಕಾಚಾರ ಹಾಕಿದಳು. ಎಲೆ, ತೊಗಟೆ, ಬೀಜಗಳನ್ನು ಕಣ್ಣೇ ಹೇಳುತ್ತದೆ. ತೊಂದರೆ ಇದ್ದದ್ದು ಗಡ್ಡೆಗಳದು. ಗಡ್ಡೆ ಯಾವುದೇ ಇರಲಿ, ಸಿಪ್ಪೆ ಹೆರೆದು, ಬಿಲ್ಲೆಯಾಗಿ ಹೆಚ್ಚಿ, ಸುಣ್ಣದ ತಿಳಿನೀರಿನಲ್ಲಿ ಅದ್ದಿ ಒಣಗಿಸುವುದು ಮಾವನ ಕಾಲದ ಪದ್ಧತಿ. ಹುಳ ಹತ್ತುವುದಿಲ್ಲ, ನಿಜ. ಆದರೆ ಒಣಗಿದ ಮೇಲೆ ಎಲ್ಲವೂ ಬಿಳಿ ಬಿಲ್ಲೆಗಳೇ. ಗಡ್ಡೆಯ ಡಬ್ಬಿಗಳು ಇದ್ದದ್ದು ಎರಡು. ಒಂದರಲ್ಲಿ ಸುಗಂಧಿಯ ಗಡ್ಡೆ. ಅದು ಆ ಅಂಗಡಿಯ ದುಡಿಯುವ ಎತ್ತು. ಗಂಟಲು ಕೆಟ್ಟವರಿಗೆ ಮುಕ್ಕಳಿಸಲು, ಜ್ವರದವರಿಗೆ ಹಬೆ ಹಿಡಿಯಲು, ಮಂಡಿ ಊದಿದವರಿಗೆ ಎಣ್ಣೆಯಲ್ಲಿ ಕಾಯಿಸಿ ಹಚ್ಚಲು, ಹೊಟ್ಟೆ ತೊಳಸುವವರಿಗೆ ಕಷಾಯಕ್ಕೆ. ಅದಕ್ಕೆ ಬಾರದ ವಿದ್ಯೆಯೆಂದರೆ ಓದು ಬರಹವೊಂದೇ ಎಂದು ಬೇರಮ್ಮ ಗಿರಾಕಿಗಳ ಮುಂದೆ ಹೇಳುವುದಿತ್ತು. ಇನ್ನೊಂದು ಡಬ್ಬಿಯಲ್ಲಿ ಅಗ್ನಿಶಿಖೆಯ ಗಡ್ಡೆ. ಬೇಲಿಯ ಮೇಲೆ ಹಬ್ಬಿ ಬೆಂಕಿಯ ನಾಲಿಗೆಯಂಥ ಹೂ ಬಿಡುವ ಬಳ್ಳಿ ಅದು. ಮೂಟೆ ಹೊರುವವರ ಬೆನ್ನಿಗೆ ಹಚ್ಚುವ ಎಣ್ಣೆಗೆ ಅದರ ನಾಲ್ಕು ಬಿಲ್ಲೆ ಬೀಳುತ್ತಿತ್ತು, ಅಷ್ಟೆ. ಅದು ಬಾಯಿಗೆ ಹೋಗಕೂಡದು. ಹೋದರೆ ದೊಡ್ಡವರ ಜೀವಕ್ಕೇ ಕುತ್ತು, ಬಸುರಿಯರ ಮಾತಂತೂ ಆಡುವುದೇ ಬೇಡ. ಸುಗಂಧಿಗೆ ಡಬ್ಬಿ ತೆರೆದರೆ ಕೋಣೆ ತುಂಬುವಷ್ಟು ಘಮ. ಅಗ್ನಿಶಿಖೆಗೆ ವಾಸನೆಯೇ ಇಲ್ಲ. ಮೂಗಿರುವವರು ಸಾವಿರ ಸಲ ತೆರೆದರೂ ಒಂದು ಸಲವೂ ತಪ್ಪಲು ಸಾಧ್ಯವಿರಲಿಲ್ಲ.

ಜ್ವರ ಬರುವ ಹಿಂದಿನ ದಿನ ಅವಳೇ ಬೆನ್ನಿನ ಎಣ್ಣೆ ಕಾಯಿಸಿದ್ದಳು. ಅಗ್ನಿಶಿಖೆಯ ಡಬ್ಬಿ ಅರ್ಧಕ್ಕೆ ಇಳಿದಿತ್ತು, ಸುಗಂಧಿಯದು ತುಂಬಿತ್ತು; ಆಮೇಲೆ ಅಂಗಡಿ ಮುಚ್ಚೇ ಇದ್ದದ್ದರಿಂದ ಅವನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ನೆನಪಿಟ್ಟುಕೊಂಡು, ಹೂ ಅರಳಿದ ಮರುದಿನವೇ, ಸೊಸೆ ಮಲಗಿದ್ದಾಗ ಮೊಳೆ ತೆಗೆದುಕೊಂಡು ಸುಗಂಧಿಯ ಡಬ್ಬಿಗೆ ಗುರುತು ಮಾಡಿದಳು. ಡಬ್ಬಿಯ ಮೈಮೇಲೆ ಗೀಚಿದರೆ ಸೊಸೆಯ ಕಣ್ಣಿಗೆ ಬೀಳುತ್ತದೆ, ‘ಇದೇನು ಅತ್ತೆ’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಮುಚ್ಚಳದ ಒಳಬದಿಯಲ್ಲಿ, ಅಂಚಿಗೆ, ಉಗುರಿನುದ್ದದ ಒಂದು ಗೀಟು ಎಳೆದಳು.

ತಿಂಗಳೊಂದು ಅದರ ಮೇಲೇ ನಡೆಯಿತು. ಗಿರಾಕಿಗಳೆದುರು ಬಿಲ್ಲೆಯನ್ನು ಮೂಗಿಗೆ ಹಿಡಿದು, ಕಣ್ಣು ಅರೆ ಮುಚ್ಚಿ, ತಲೆದೂಗುವ ಶಾಸ್ತ್ರವನ್ನು ಅವಳು ತಪ್ಪಿಸಲಿಲ್ಲ. ಮೊದಲಿಗಿಂತ ಒಂದು ಉಸಿರು ಹೆಚ್ಚೇ ಎಳೆಯುತ್ತಿದ್ದಳು ಎನ್ನಬೇಕು. ದಿನಾ ಬೆಳಿಗ್ಗೆ ಸಂಜೆ ಸೊಸೆಗೆ ಸುಗಂಧಿಯ ಕಷಾಯ. ಹೊಟ್ಟೆ ತೊಳಸುವುದಕ್ಕೆ ಅದು ಒಳ್ಳೆಯದೇ, ಆದರೆ ಅದರ ಘಮಕ್ಕೇ ಸೊಸೆಯ ಹೊಟ್ಟೆ ತೊಳಸುತ್ತಿತ್ತು. ಲೋಟ ಕಂಡರೆ ಅವಳು ಗೋಡೆಯ ಕಡೆಗೆ ತಿರುಗುವಳು. "ಮೂಗು ಮುಚ್ಕೊಂಡು ಕುಡಿ, ಒಂದೇ ಗುಟುಕು," ಎಂದು ಬೇರಮ್ಮ ನಿಂತು ಕುಡಿಸುವಳು. "ನಿಮ್ಮ ಮೊಮ್ಮಗು ಹುಟ್ಟಿದ ಮೇಲೆ ಇದನ್ನ ನಿಮಗೇ ಕುಡಿಸುತ್ತೆ ನೋಡ್ತಿರಿ," ಎಂದು ಸೊಸೆ ಮೂಗು ಹಿಡಿದುಕೊಂಡೇ ಗೊಗ್ಗರು ದನಿಯಲ್ಲಿ ಹೇಳುವಳು. ಇಬ್ಬರೂ ನಗುವರು.

ಒಂದು ದಿನ ಬೇರಮ್ಮ ಒಲೆಯ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು. ಸೊಸೆ ಬಾಯಿಗೆ ಬಟ್ಟೆ ಒತ್ತಿಕೊಂಡು ಮಲಗುವ ಕೋಣೆಯಿಂದ ಓಡಿ ಬಂದು ಒಲೆ ಆರಿಸಿದಳು. "ಹಾಲು ಸೀದು ಕರಕಲಾಗಿದೆಯಲ್ಲ ಅತ್ತೆ! ನೀವು ಇಲ್ಲೇ ಕೂತಿದೀರ!"

"ಏನೋ ಯೋಚನೆ ಕಣೇ, ಗಮನ ಇರ್ಲಿಲ್ಲ."

ಸೊಸೆ ಪಾತ್ರೆಯನ್ನೂ ಅತ್ತೆಯನ್ನೂ ಒಂದು ಕ್ಷಣ ನೋಡಿದಳು. ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ಹೊಟ್ಟೆಯಿಂದ ಎದ್ದುಬಂತು, ಬಚ್ಚಲಿಗೆ ಓಡಿದಳು. ಆ ವಾಂತಿ ಅರ್ಧ ನಿಮಿಷ ತಡೆದಿದ್ದರೆ ಎಂದು ಬೇರಮ್ಮ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆ ಹೊತ್ತಿಗೆ ಮಾತ್ರ, ಸದ್ಯ ಬಚಾವಾದೆ ಎಂದು ನಿಟ್ಟುಸಿರು ಬಿಟ್ಟಳು.

ಮುಂದಿನ ರಜೆಯ ದಿನ ಮಗ ಮನೆಯಲ್ಲಿದ್ದ. ಹೆಂಡತಿಯ ಮೇಲೆ ಪ್ರಾಣವಿಟ್ಟುಕೊಂಡವನು. ಬೇರಮ್ಮ ಮಧ್ಯಾಹ್ನ ಹೊರಗೆ ಹೋಗಿ ಬರುವಷ್ಟರಲ್ಲಿ, ಹಿಂದಿನ ಕೋಣೆಯ ವಾಸನೆ ಮಲಗುವ ಕೋಣೆಗೆ ಬರುತ್ತಿದೆಯೆಂದು, ಡಬ್ಬಿಗಳ ಮುಚ್ಚಳಗಳನ್ನೆಲ್ಲ ಬಿಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ, ತೆಂಗಿನ ನಾರು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮತ್ತೆ ಒಂದೊಂದಾಗಿ ಬಿಗಿಯಾಗಿ ಮುಚ್ಚಿಟ್ಟಿದ್ದ. ನಲವತ್ತು ಮುಚ್ಚಳ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

"ಹೇಗಿದೆ ಅಮ್ಮ?" ಎಂದು ಕೈ ಒರೆಸಿಕೊಳ್ಳುತ್ತ ಕೇಳಿದ. "ಮುಚ್ಚಳಕ್ಕೆ ಹತ್ತಿದ್ದ ವಾಸನೆನೇ ಅರ್ಧ ಕೋಣೆ ತುಂಬ್ಕೊಂಡಿತ್ತು. ಈಗ ನೋಡು, ಇವಳು ಆರಾಮಾಗಿ ನಿದ್ದೆ ಮಾಡ್ತಿದಾಳೆ."

"ಎಲ್ಲಾ... ಸರಿಯಾಗಿ ಮುಚ್ಚಿದೀಯೇನೋ?"

"ಎಲ್ಲಾ ಒಂದೇ ಸೈಜು, ಯಾವುದು ಯಾವುದಕ್ಕಾದ್ರೂ ಕೂರುತ್ತೆ. ಮೂಸೋಕೆ ನೀನಿದೀಯಲ್ಲ," ಎಂದು ಅವನು ನಕ್ಕು ಹೋದ.

ಅವನು ಹಿತ್ತಲಿಗೆ ಹೋದ ಕೂಡಲೇ ಬೇರಮ್ಮ ಡಬ್ಬಿಗಳನ್ನು ಒಂದೊಂದಾಗಿ ತೆರೆಯತೊಡಗಿದಳು. ಹನ್ನೊಂದನೆಯ ಮುಚ್ಚಳದ ಒಳಗೆ ಗೀಟು ಸಿಕ್ಕಿತು. ಕೆಳಗೆ ಡಬ್ಬಿಯಲ್ಲಿ ಬಿಳಿ ಬಿಲ್ಲೆಗಳು, ಅರ್ಧ ಡಬ್ಬಿ. ತಿಂಗಳಿಡೀ ಕಷಾಯಕ್ಕೆ ತೆಗೆದು ಸುಗಂಧಿ ಅರ್ಧಕ್ಕೆ ಇಳಿದಿರಬೇಕು, ಇಳಿದಿದೆ. ಗೀಟು ಇರುವಲ್ಲೇ ಇದೆ, ಬಿಲ್ಲೆಗಳೂ ಇವೆ. ಅವಳಿಗೆ ಹೋದ ಜೀವ ಬಂದಂತಾಯಿತು. ಬಿಲ್ಲೆಗಳಿರುವ ಇನ್ನೊಂದು ಡಬ್ಬಿಯೂ ಅರ್ಧಕ್ಕೇ ಇದೆಯೆಂಬುದು ಅವಳ ತಲೆಗೆ ಹೊಳೆಯಲಿಲ್ಲ. ಗೀಟು ಮುಚ್ಚಳದ ಮೇಲಿದೆಯೇ ಹೊರತು ಡಬ್ಬಿಯ ಮೇಲಿಲ್ಲ ಎಂಬುದೂ ಹೊಳೆಯಲಿಲ್ಲ. ಹೆದರಿದ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೊಂದು ಸಿಕ್ಕರೆ ಸಾಕಾಗಿತ್ತು.

ಆ ಸಂಜೆ ಟೈಲರ್ ಮಾಸ್ಟರ್ ಗಂಟಲು ಹಿಡಿದುಕೊಂಡು ಬಂದ. ಬೇರಮ್ಮ ಗೀಟಿನ ಡಬ್ಬಿಯಿಂದ ಬಿಲ್ಲೆ ತೆಗೆದು, ಮೂಸಿ, ತಲೆದೂಗಿ, ಜಜ್ಜಿ, ಪೊಟ್ಟಣ ಕಟ್ಟಿಕೊಟ್ಟಳು. ಮುಕ್ಕಳಿಸಿ ಉಗುಳಬೇಕು, ನುಂಗಬಾರದು ಎಂದು ಎಂದಿನಂತೆ ಹೇಳಿದಳು. ಅದೇ ಕೈಯಲ್ಲಿ ನಾಲ್ಕು ಬಿಲ್ಲೆ ಸೊಸೆಯ ಕಷಾಯಕ್ಕೆ ಹಾಕಿ ಕುದಿಸಿದಳು. ಆರು ಗಂಟೆಗೆ ಮಗ ಲೋಟವನ್ನು ಕೋಣೆಗೆ ಒಯ್ದ. ಅವನೇ ಬರಿದಾದ ಲೋಟವನ್ನು ತಂದು ಬಚ್ಚಲಲ್ಲಿಟ್ಟ. "ಇವತ್ತು ಗಲಾಟೆನೇ ಇಲ್ಲ ಅಮ್ಮ, ಗಟಗಟ ಕುಡಿದ್ಳು," ಎಂದ. ಬೇರಮ್ಮನಿಗೆ ಸಂತೋಷವೇ ಆಯಿತು.

ಅಂಗಡಿ ಮುಚ್ಚುವ ಮೊದಲು ಮಾಸ್ಟರ್ ಮತ್ತೆ ಮೆಟ್ಟಿಲ ಬಳಿ ಬಂದು ನಿಂತ. "ಬೇರಮ್ಮ, ಈ ಸಲದ್ದು ಹಳೇದು ಕೊಟ್ರಾ? ಕುದಿಸಿದ್ರೆ ಘಮಾನೇ ಬರ್ಲಿಲ್ಲ. ಒಂದು ಸಲ ಬಾಯಿಗೆ ಹಾಕಿ ಉಗುಳಿದೆ, ತುಟಿ ಜುಮ್ ಅಂತಿದೆ."

ಆ ಕ್ಷಣದಲ್ಲಿ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ಮಾಸ್ಟರನನ್ನೇ ಒಳಗೆ ಕರೆದು, ‘ಇದನ್ನೊಂದು ಸ್ವಲ್ಪ ಮೂಸಿ ನೋಡಿ’ ಎಂದು ಡಬ್ಬಿ ಹಿಡಿದಿದ್ದರೆ ಸಾಕಿತ್ತು. ಬೇರಮ್ಮ ಏನು ಮಾಡಿದಳು? "ಹಳೇದೇ ಇರ್ಬೇಕು ಮಾಸ್ಟರೇ, ಎಸೆದುಬಿಡಿ. ನಾಳೆ ಹೊಸದು ಕೊಡ್ತೀನಿ," ಎಂದಳು. ಅವನು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ, ಗೀಟಿನ ಮುಚ್ಚಳ ತೆಗೆದು, ಬಿಲ್ಲೆಯೊಂದನ್ನು ಮುರಿದು ಮೂಗಿಗೆ ಒತ್ತಿದಳು. ಏನೂ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ನಾಲಿಗೆಯ ತುದಿಗೆ ತಾಗಿಸಿದಳು. ಕಹಿ. ಜ್ವರ ಬಂದಾಗಿನಿಂದ ಹಾಲೂ ಕಹಿಯೇ ಆಗಿತ್ತು. ಮುಚ್ಚಳವನ್ನು ಬೆಳಕಿಗೆ ಹಿಡಿದು ಗೀಟನ್ನು ಬೆರಳಿನಿಂದ ಸವರಿದಳು. ಸುಗಂಧಿಯೇ, ಹಳೆಯದಾಗಿ ಘಮ ಹೋಗಿದೆ, ಅಷ್ಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೊಸೆಯ ಕೋಣೆಯ ಬಾಗಿಲವರೆಗೂ ಹೋದಳು. ದೀಪ ಆರಿತ್ತು. ಮಲಗಿದವಳನ್ನು ಯಾಕೆ ಎಬ್ಬಿಸುವುದು ಎಂದುಕೊಂಡು ಹಿಂದಕ್ಕೆ ಬಂದಳು.

ಬೆಳಿಗ್ಗೆ ಎದ್ದಾಗ ಬಚ್ಚಲಿನಲ್ಲಿ ಸೊಸೆ ವಾಂತಿ ಮಾಡುವ ಸದ್ದು. ಅದು ದಿನದ ಸದ್ದೇ. ಆದರೆ ಮಗನ ಮುಖ ಬಾಡಿತ್ತು. "ಐದಾರು ಸಲ ಆಯ್ತಮ್ಮ. ಹೊಟ್ಟೆನೋವೂ ಇದೆ ಅಂತಾಳೆ. ಡಾಕ್ಟರ ಹತ್ರ ಹೋಗೋಣ್ವಾ?"

"ನಾಲ್ಕು ತಿಂಗಳಲ್ಲಿ ಹೀಗೇ ಇರುತ್ತೆ. ಕಷಾಯ ಕುಡೀಲಿ, ನಿಲ್ಲದಿದ್ರೆ ಹೋಗೋಣ," ಎಂದಳು ಬೇರಮ್ಮ. ಹೇಳುವಾಗ ದನಿ ತನ್ನದಲ್ಲವೆಂಬಂತೆ ಕೇಳಿಸಿತು. ಬೇಗ ಬೇಗ ಒಲೆ ಹಚ್ಚಿದಳು. ಗೀಟಿನ ಡಬ್ಬಿಯನ್ನೇ ತೆರೆದಳು. ನಿನ್ನೆಯದಕ್ಕೆ ಘಮವಿರಲಿಲ್ಲ, ಹಳೆಯದು, ಶಕ್ತಿ ಕಡಿಮೆ. ಹಾಗಾಗಿ ಈ ಸಲ ನಾಲ್ಕರ ಬದಲು ಆರು ಬಿಲ್ಲೆ ಹಾಕಿದಳು.

ಸೊಸೆ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು, ಹಣೆಯ ಮೇಲೆ ಬೆವರು. ಲೋಟ ಕಂಡು ಈ ಸಲ ಅವಳು ಮುಖ ತಿರುಗಿಸಲಿಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡಳು. ಬೇರಮ್ಮನ ಬಾಯಿಗೆ ಅಭ್ಯಾಸಬಲದಿಂದ ಮಾತು ಬಂತು.

"ಮೂಗು ಮುಚ್ಕೊಂಡು ಕುಡಿ."

"ಬೇಡ ಅತ್ತೆ, ಈಗ ಮುಚ್ಕೊಳ್ಳೋದೇ ಬೇಕಿಲ್ಲ," ಸೊಸೆ ಸುಸ್ತಿನಲ್ಲೂ ನಕ್ಕಳು. "ನಿನ್ನೆ ಸಂಜೆಯಿಂದ ವಾಸನೆನೇ ಇಲ್ವಲ್ಲ. ಒಂಚೂರೂ ಇಲ್ಲ. ನನಗೋಸ್ಕರ ಏನೋ ಮಾಡಿ ತೆಗೆದುಬಿಟ್ಟಿದೀರ, ಅಲ್ವಾ? ಇಷ್ಟು ದಿನ ಯಾಕೆ ಮಾಡ್ಲಿಲ್ಲ ನೀವು?"

ಲೋಟ ಅವಳ ತುಟಿಗೆ ತಾಗಿತ್ತು. ಬೇರಮ್ಮ ಕೈ ಬೀಸಿ ಹೊಡೆದಳು. ಲೋಟ ಹಾರಿ ಗೋಡೆಗೆ ಬಡಿದು, ಬಿಸಿ ಕಷಾಯ ಹಾಸಿಗೆಯ ಮೇಲೂ ಸೊಸೆಯ ಮಣಿಕಟ್ಟಿನ ಮೇಲೂ ಚೆಲ್ಲಿತು. ಸೊಸೆ ಬೆಚ್ಚಿ ಕೂಗಿದಳು. ಮಗ ಓಡಿ ಬಂದು ಬಾಗಿಲಲ್ಲಿ ನಿಂತ.

"ಕಾರು ಕರೆಸೋ," ಎಂದಳು ಬೇರಮ್ಮ. "ಈಗಲೇ. ನಿಂತು ನೋಡ್ಬೇಡ, ಓಡು!"

ಕೂಗು ಕೇಳಿ ಬಂದ ಮಾಸ್ಟರ್ ಬೀದಿಯ ತುದಿಯಿಂದ ಬಾಡಿಗೆ ಕಾರು ತಂದ. ಅವನ ತುಟಿಯ ಜೋಮು ಇಳಿದಿತ್ತು. ಉಗುಳಿದ್ದರಿಂದ ಅವನು ಉಳಿದುಕೊಂಡಿದ್ದ. ಬೇರಮ್ಮ ಹಿಂದಿನ ಕೋಣೆಗೆ ನುಗ್ಗಿ, ಬಿಳಿ ಬಿಲ್ಲೆಗಳಿದ್ದ ಎರಡೂ ಡಬ್ಬಿಗಳನ್ನು ಕಂಕುಳಿಗೊಂದರಂತೆ ಇರುಕಿಕೊಂಡು ಕಾರು ಹತ್ತಿದಳು. ದಾರಿಯಲ್ಲಿ ಸೊಸೆ ಗಂಡನ ಭುಜಕ್ಕೆ ತಲೆಯಿಟ್ಟು ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ವಾಂತಿಗೆ ಹಿಡಿದುಕೊಂಡ ರೀತಿಯಲ್ಲ ಅದು, ಕೆಳಗೆ ಹಿಡಿದುಕೊಂಡಿದ್ದಳು. ಬೇರಮ್ಮ ಅದನ್ನು ನೋಡಿ ಕಿಟಕಿಯ ಕಡೆಗೆ ತಿರುಗಿದಳು.

ಆಸ್ಪತ್ರೆಯಲ್ಲಿ ಸೊಸೆಯನ್ನು ಪರದೆ ಹಾಕಿದ ಮಂಚದ ಮೇಲೆ ಮಲಗಿಸಿದರು. ಡಾಕ್ಟರಮ್ಮ ನಾಡಿ ಹಿಡಿದುಕೊಂಡೇ ಕೇಳಿದಳು: "ಏನು ಕೊಟ್ಟಿದ್ರಿ?"

ಬೇರಮ್ಮ ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಗೀಟಿನ ಮುಚ್ಚಳ ಬಲಗೈಯಲ್ಲೇ ಉಳಿಯಿತು. "ಇದರಿಂದ," ಎಂದು ಬಲಗಡೆಯ ಡಬ್ಬಿ ತೋರಿಸಿದಳು.

"ಇದರಲ್ಲಿರೋದು ಏನು?"

ಬೇರಮ್ಮ ಒಂದು ಡಬ್ಬಿಯೊಳಗೆ ಇಣುಕಿದಳು, ಇನ್ನೊಂದರೊಳಗೆ ಇಣುಕಿದಳು. ಎರಡರಲ್ಲೂ ಬಿಳಿ ಬಿಲ್ಲೆಗಳೇ.

"ಅಮ್ಮ, ಇದು ಏನು ಅಂತ ಗೊತ್ತಾದ್ರೆ ತಾನೇ ನಾನು ಮುಂದಿನದು ಮಾಡೋದು? ನಲವತ್ತು ವರ್ಷದಿಂದ ಮದ್ದು ಕೊಡ್ತಿದೀರಂತೆ. ಇಲ್ಲಿರೋ ಎರಡರಲ್ಲಿ ಯಾವುದು ಯಾವುದು ಅಂತ ಹೇಳೋಕೆ ಆಗಲ್ವಾ?"

ಮಗ ಅಮ್ಮನ ಮುಖವನ್ನೇ ನೋಡುತ್ತ ನಿಂತಿದ್ದ. ನರ್ಸು ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದಳು. ಬೇರಮ್ಮ ಎರಡೂ ಡಬ್ಬಿಗಳನ್ನು ಎತ್ತಿಕೊಂಡು ಮಂಚದ ಬಳಿಗೆ ಹೋದಳು. ಬದುಕಿನಲ್ಲಿ ಎಂದೂ ಯಾರ ಮುಂದೆಯೂ ಬಾಗದಿದ್ದ ಹೆಂಗಸು ಸೊಸೆಯ ದಿಂಬಿನ ಪಕ್ಕ ಮಂಡಿಯೂರಿದಳು.

"ನೀನೇ ಹೇಳಮ್ಮ. ಒಂದೇ ಒಂದು ಸಲ ಮೂಸಿ ನೋಡು. ನನಗೆ ಗೊತ್ತಾಗ್ತಿಲ್ಲ."

ಸೊಸೆ ಮೊದಲು ಎಡಗಡೆಯ ಡಬ್ಬಿಯ ಕಡೆಗೆ ಮುಖ ತಂದಳು. ಮೂಗಿನ ಹತ್ತಿರ ಬರುವ ಮೊದಲೇ ಅವಳಿಗೆ ಓಕರಿಕೆ ಬಂತು. "ಇದು ಸುಗಂಧಿ," ಎಂದಳು. ಆಮೇಲೆ ಬಲಗಡೆಯದನ್ನು ಮೂಸಿದಳು. ಬಹಳ ಹೊತ್ತು ಮೂಸಿದಳು, ಇನ್ನೊಂದು ಸಲ ಮೂಸಿದಳು.

"ಅಗ್ನಿಶಿಖೆ," ಎಂದಳು ಡಾಕ್ಟರಮ್ಮನಿಗೆ. ಹೇಳಿ ಅತ್ತೆಯ ಕಡೆಗೆ ತಿರುಗಿದಳು. "ಅತ್ತೆ, ಇದನ್ನ ನೀವು ಮೂಸ್ಲಿಲ್ವಾ?"

"ಮೂಸಿದೆ ಕಣೇ. ಏನೂ ಬರ್ಲಿಲ್ಲ. ಒಂದು ತಿಂಗಳಿಂದ ನನಗೆ ಏನೂ ಬರ್ತಿಲ್ಲ. ಹಾಲು ಸೀದ ದಿನಾನೂ ಬರ್ಲಿಲ್ಲ."

ಸೊಸೆ ಬೈಯಲಿಲ್ಲ. ಬೈದಿದ್ದರೆ ಬೇರಮ್ಮ ತಡೆದುಕೊಳ್ಳುತ್ತಿದ್ದಳೇನೋ. "ವಾಸನೆ ಇಲ್ಲ ಅಂತ ನಂಗೆ ನಿನ್ನೆ ಸಂಜೇನೇ ಗೊತ್ತಾಯ್ತು," ಎಂದಳು ಸೊಸೆ ಮೆಲ್ಲಗೆ. "ಒಂದು ಕ್ಷಣ ಅನುಮಾನಾನೂ ಬಂತು. ಅತ್ತೆ ಮೂಸದೆ ಕೊಡ್ತಾರಾ ಅಂದ್ಕೊಂಡು ಪೂರ್ತಿ ಕುಡಿದೆ."

"ಎಷ್ಟು ಹೊತ್ತಿಗೆ?" ಎಂದಳು ಡಾಕ್ಟರಮ್ಮ.

"ಸಂಜೆ ಆರಕ್ಕೆ."

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದಳು. ಒಂಬತ್ತು ಹೊಡೆಯಲು ಬಂದಿತ್ತು; ವಿಷ ಒಳಗೆ ಹೋಗಿ ಹದಿನೈದು ಗಂಟೆ. ನರ್ಸಿಗೆ ದನಿ ತಗ್ಗಿಸಿ ಏನೋ ಹೇಳಿದಳು. ನರ್ಸು ಬಂದು ತಾಯಿ ಮಗ ಇಬ್ಬರನ್ನೂ ಹೊರಗೆ ಕಳಿಸಿ ಪರದೆ ಎಳೆದಳು, ಬಾಗಿಲನ್ನೂ ಮುಚ್ಚಿದಳು.

ಹೊರಗಿನ ಬೆಂಚಿನ ಮೇಲೆ ತಾಯಿ ಮಗ ಕೂತರು. ಬೇರಮ್ಮನ ಕೈಯಲ್ಲಿ ಆ ಮುಚ್ಚಳ ಇನ್ನೂ ಇತ್ತು. ಮಗ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಒಳಗಿನ ಗೀಟು ಕಣ್ಣಿಗೆ ಬಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಅರ್ಥವಾಗುತ್ತ ಹೋದಂತೆ ಅವನ ಮುಖದಿಂದ ಬಣ್ಣ ಇಳಿಯಿತು.

"ನಾನು ಮುಚ್ಚಳ ತೊಳೆದಿದ್ದಕ್ಕಾ ಅಮ್ಮ?"

"ಅಲ್ಲಪ್ಪ."

"ನಾನೇ ಅದಲು ಬದಲು ಮಾಡಿಟ್ಟೆ."

"ಆ ಮನೇಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಅದಲು ಬದಲು ಮಾಡ್ಬಹುದಿತ್ತು. ನಿನ್ನ ತಪ್ಪು ಒಂದು ಚೂರೂ ಇಲ್ಲ. ನಾನು ಹೇಳ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು." ಮಗ ಮುಚ್ಚಳವನ್ನು ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟ.

ಹತ್ತೂವರೆಗೆ ಬಾಗಿಲು ತೆರೆದು ನರ್ಸು ಹೊರಗೆ ಬಂದಳು. ಬೇರಮ್ಮ ಎದ್ದು ನಿಂತಳು. ನರ್ಸು ಅವಳ ಕಡೆ ನೋಡದೆ ಮಗನಿಗೆ, "ನೀವು ಬನ್ನಿ. ನಿಮ್ಮ ಹೆಂಡ್ತಿ ನಿಮ್ಮನ್ನ ಮಾತ್ರ ಕರೀತಿದಾರೆ," ಎಂದಳು.

ಅವನು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಬೇರಮ್ಮ ನಿಂತೇ ಇದ್ದಳು. ನೆಲ ಒರೆಸುವವಳು ಫಿನಾಯಿಲ್ ಬಕೆಟ್ಟು ಎಳೆದುಕೊಂಡು, ಮೂಗಿಗೆ ಸೆರಗು ಹಿಡಿದು, ಅವಳ ಮುಂದೆಯೇ ಹಾದುಹೋದಳು. ಬೇರಮ್ಮನಿಗೆ ಅದರ ವಾಸನೆಯೂ ತಿಳಿಯಲಿಲ್ಲ. ಆಮೇಲೆ ಬಾಗಿಲಾಚೆಯಿಂದ ಮೊದಲು ಮಗ ಬಿಕ್ಕುವ ದನಿ ಕೇಳಿಸಿತು, ಅದರ ಮೇಲೆ ಸೊಸೆಯ ಅಳು. ಬೇರಮ್ಮನ ಕಿವಿ ಚೆನ್ನಾಗಿಯೇ ಇತ್ತು. ಆ ಎರಡು ದನಿ ಕೇಳಿದ ಮೇಲೆ ಅವಳು ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ.